ಇಜಿಆರ್ ವಾಲ್ವು ಬದಲಿಸುವ ಮುನ್ನ ವೈರಿಂಗ್ ನೋಡಿ

ಅಡಿಕೆ ಸುಗ್ಗಿ ಬಂತೆಂದರೆ ನಮ್ಮ ಗೋವಿನಕೋವಿ ಸೀಮೆಯಲ್ಲಿ ಗೊನೆ ಇಳಿಸುವ ಆಳಿನಷ್ಟೇ ಅಗತ್ಯವಾದದ್ದು ವಾಹನ. ಕೊಯ್ದ ಹಸಿ ಅಡಿಕೆ ತಡವಿಲ್ಲದೆ ಸುಲಿಯುವ ಜಾಗಕ್ಕೆ ಸೇರಬೇಕು. ಬೇಯಿಸಿ ಒಣಗಿಸಿದ ಮಾಲು ಹೊನ್ನಾಳಿಗೋ, ಚನ್ನಗಿರಿಗೋ, ಶಿವಮೊಗ್ಗಕ್ಕೋ ಹೋಗಬೇಕು. ಘಟ್ಟದ ಕಡೆಯ ಕಾಫಿ ಬೆಳೆಗಾರರ ಪಾಡೂ ಇದೇ. ಇಂಥ ವೇಳೆಯಲ್ಲಿ ಪಿಕಪ್ಪು ಏರು ಹತ್ತಲಾರದೆ ಕಪ್ಪು ಹೊಗೆ ಕಾರಿ, ಎಂಜಿನ್ ದೀಪ ಹತ್ತಿತೆಂದರೆ ಗ್ಯಾರೇಜಿನಲ್ಲಿ ಕೇಳಿಬರುವ ಮಾತು ಒಂದೇ: "ಇಜಿಆರ್ ಹೋಗಿದೆ, ಹೊಸದು ಹಾಕಬೇಕು." ಸಾವಿರಾರು ರೂಪಾಯಿಯ ಈ ಮಾತನ್ನು ಒಪ್ಪುವ ಮೊದಲು ಸದಸ್ಯರು ತಿಳಿದಿರಬೇಕಾದ ಕೆಲವು ಸಂಗತಿಗಳಿವೆ.

ಇಜಿಆರ್ ವಾಲ್ವು ಎಂದರೆ ಎಂಜಿನ್ ಉಗುಳಿದ ಹೊಗೆಯಲ್ಲಿ ಒಂದು ಪಾಲನ್ನು ಮತ್ತೆ ಎಂಜಿನ್ನಿಗೇ ಕಳಿಸುವ ಬಾಗಿಲು. ನಾವು ಉಸಿರಾಡುವ ಗಾಳಿಯಲ್ಲಿ ಶೇ. 78ರಷ್ಟು ಸಾರಜನಕ, ಶೇ. 21ರಷ್ಟು ಆಮ್ಲಜನಕ ಇದೆ. ಸಿಲಿಂಡರಿನ ಉರಿ ಅತಿಯಾದಾಗ ಇವೆರಡೂ ಕೂಡಿ ಶ್ವಾಸಕೋಶಕ್ಕೆ ಕೆಡುಕಾದ ನೈಟ್ರೋಜನ್ ಆಕ್ಸೈಡುಗಳಾಗುತ್ತವೆ. ಆಮ್ಲಜನಕ ಕಡಿಮೆ ಇರುವ ಹೊಗೆಯನ್ನು ಸ್ವಲ್ಪ ಬೆರೆಸಿದರೆ ಉರಿಯ ಬಿಸಿ ತಗ್ಗುತ್ತದೆ. ಅಡಿಕೆ ಬೇಯಿಸುವ ಹಂಡೆಯ ಒಲೆಗೆ ಗಾಳಿ ತಗ್ಗಿಸಿ ಉರಿಯನ್ನು ಹದಕ್ಕೆ ತರುವುದಿಲ್ಲವೇ? ತತ್ವ ಹೆಚ್ಚುಕಡಿಮೆ ಅದೇ. 1970ರ ದಶಕದ ಆರಂಭದಲ್ಲಿ ಅಮೆರಿಕದ ಕಾರುಗಳಿಗೆ ಬಂದ ಈ ಏರ್ಪಾಡು, ದೇಶಾದ್ಯಂತ 2017ರ ಏಪ್ರಿಲ್‌ನಲ್ಲಿ ಭಾರತ್ ಸ್ಟೇಜ್ 4, 2020ರ ಏಪ್ರಿಲ್‌ನಲ್ಲಿ ಭಾರತ್ ಸ್ಟೇಜ್ 6 ನಿಯಮಗಳು ಜಾರಿಯಾದ ಮೇಲೆ ನಮ್ಮ ಹಳ್ಳಿಯ ಡೀಸೆಲ್ ವಾಹನಗಳಲ್ಲೂ ಸಾಮಾನ್ಯವಾಗಿದೆ.

ತೋಟದಿಂದ ಕಣಕ್ಕೆ, ಕಣದಿಂದ ಮನೆಗೆ ಎಂದು ಸಣ್ಣ ದೂರವನ್ನೇ ನಿಧಾನವಾಗಿ ಓಡುವ ವಾಹನದಲ್ಲಿ ಎಂಜಿನ್ ಸರಿಯಾಗಿ ಬಿಸಿಯೇರುವುದಿಲ್ಲ. ವಾಲ್ವಿನಲ್ಲಿ ಮಸಿ ಕಟ್ಟುತ್ತದೆ. ಬಾಗಿಲು ತೆರೆದೇ ಸಿಕ್ಕಿಕೊಂಡರೆ ಕಪ್ಪು ಹೊಗೆ, ಶಕ್ತಿ ಇಳಿತ, ನಿಂತಲ್ಲಿ ಎಂಜಿನ್ ನಡುಗುವಿಕೆ ಕಾಣುತ್ತವೆ. ಮುಚ್ಚಿಯೇ ಸಿಕ್ಕಿಕೊಂಡರೆ ಹೊರಗೆ ಅಷ್ಟಾಗಿ ಗೊತ್ತಾಗದು, ವಿಷಾನಿಲ ಮಾತ್ರ ಹೆಚ್ಚುತ್ತದೆ.

ಸ್ಕ್ಯಾನರ್ ಹಾಕಿಸಿದಾಗ ಬರುವ ಸಂಖ್ಯೆಯನ್ನು ಬರೆದುಕೊಳ್ಳಿ. ಪಿ 0401 ಎಂದರೆ ಹೊಗೆಯ ಹರಿವು ಸಾಲದು. ಪಿ 0402 ಎಂದರೆ ಹರಿವು ಅತಿಯಾಗಿದೆ. ಪಿ 0403 ವಾಲ್ವನ್ನು ನಡೆಸುವ ವಿದ್ಯುತ್ ಮಾರ್ಗದ ದೋಷ. ಪಿ 0405 ಮತ್ತು ಪಿ 0406 ವಾಲ್ವಿನ ಸ್ಥಾನ ಹೇಳುವ ಸೆನ್ಸರಿನ ಸಂಕೇತದ ದೋಷ. ಈ ಸಂಖ್ಯೆ ಎಲ್ಲಿ ಹುಡುಕಬೇಕೆಂದು ಹೇಳುತ್ತದೆಯೇ ಹೊರತು ವಾಲ್ವು ಸತ್ತಿದೆ ಎಂದು ಹೇಳುವುದಿಲ್ಲ. ನಮ್ಮ ಸದಸ್ಯರೊಬ್ಬರ ವಾಹನಕ್ಕೆ ಹೊಸ ವಾಲ್ವು ಹಾಕಿದ ಮೇಲೂ ಅದೇ ದೀಪ ಹತ್ತಿತು. ಕಡೆಗೆ ಸಿಕ್ಕಿದ್ದು, ಬ್ಯಾಟರಿಯ ಹಿಂದೆ ಇಲಿ ಕಡಿದಿದ್ದ ಒಂದೇ ಒಂದು ತಂತಿ. ಅಡಿಕೆ ದಾಸ್ತಾನಿನ ಪಕ್ಕದಲ್ಲೇ ವಾಹನ ನಿಲ್ಲಿಸುವ ನಮಗೆ ಇದು ಅಪರೂಪದ ಸಂಗತಿಯಲ್ಲ.

ಪರೀಕ್ಷೆಯನ್ನು ಎಂಜಿನ್ ಆರಿದ ಮೇಲೆ ಆರಂಭಿಸಿ. ಬಿಸಿ ವಾಲ್ವು ಕೈ ಸುಡುತ್ತದೆ. ಮೊದಲು ಕಣ್ಣಿನ ಕೆಲಸ. ಇಲಿ ಕಡಿದ ಗುರುತು, ಲೋಹಕ್ಕೆ ಉಜ್ಜಿ ಸವೆದ ತಂತಿ, ಬಾಗಿದ ಪಿನ್ನು, ಕನೆಕ್ಟರಿನೊಳಗೆ ಹಸಿರು ಕಿಲುಬು ಇವೆಯೇ ನೋಡಿ. ಔಷಧಿ ಸಿಂಪಡಿಸುವ ಪಂಪಿನಿಂದ ಎಂಜಿನ್ ತೊಳೆಯುವ ರೂಢಿಯಿದ್ದವರ ವಾಹನದಲ್ಲಿ ಕಿಲುಬು ಹೆಚ್ಚು.

ಬಳಿಕ ಡಿಜಿಟಲ್ ಮಲ್ಟಿಮೀಟರ್. ವಿದ್ಯುತ್ ಮೋಟಾರಿನ ವಾಲ್ವಿಗೆ ಸಾಮಾನ್ಯವಾಗಿ ಐದು ತಂತಿ: ಎರಡು ಮೋಟಾರಿಗೆ, ಮೂರು ಸೆನ್ಸರಿಗೆ. ಯಾವುದು ಯಾವ ತಂತಿಯೆಂದು ವಾಹನದ ವೈರಿಂಗ್ ನಕ್ಷೆಯಿಂದ ತಿಳಿಯಿರಿ. ಕನೆಕ್ಟರ್ ಕಳಚಿ, ಎಂಜಿನ್ ಚಾಲೂ ಮಾಡದೆ ಕೀಲಿ ಮಾತ್ರ ತಿರುಗಿಸಿ. ಸೆನ್ಸರಿನ ಸರಬರಾಜು ಪಿನ್ನಿಗೂ ಬ್ಯಾಟರಿಯ ಋಣ ತುದಿಗೂ ನಡುವೆ ಸುಮಾರು 5 ವೋಲ್ಟ್ ತೋರಬೇಕು. ಅದೇ ಪಿನ್ನಿಗೂ ಸೆನ್ಸರಿನ ಅರ್ತ್ ಪಿನ್ನಿಗೂ ನಡುವೆಯೂ ಅಷ್ಟೇ ತೋರಬೇಕು. ಮೊದಲನೆಯದು ಸರಿಯಿದ್ದು ಎರಡನೆಯದು ಬಾರದಿದ್ದರೆ ಅರ್ತ್ ತಂತಿ ತುಂಡಾಗಿದೆ ಎಂದರ್ಥ, ವಾಲ್ವು ನಿರಪರಾಧಿ.

ತಂತಿಯ ಉದ್ದಕ್ಕೂ ಸಂಪರ್ಕ ನೋಡಲು ಕೀಲಿ ತೆಗೆದು, ಬ್ಯಾಟರಿಯ ಋಣ ತುದಿ ಬಿಚ್ಚಿ, ಎರಡೂ ಕಡೆಯ ಕನೆಕ್ಟರ್ ಕಳಚಿ ಓಮ್ ಅಳೆಯಿರಿ. ಒಂದು ಓಮಿಗಿಂತ ಕಡಿಮೆ ಇದ್ದರೆ ಕ್ಷೇಮ. ಅಳೆಯುವಾಗಲೇ ತಂತಿಯ ಕಟ್ಟನ್ನು ಅಲುಗಿಸಿ. ಅಂಕಿ ಜಿಗಿದರೆ ಒಳಗೆ ಎಲ್ಲೋ ಅರ್ಧ ಮುರಿದಿದೆ. ತಂತಿಗೂ ಬಾಡಿಗೂ ಸಂಪರ್ಕ ಬರಕೂಡದು. ಅರ್ತ್ ತಂತಿಗೆ ಮಾತ್ರ ಈ ಮಾತು ಅನ್ವಯಿಸದು. ಸೆನ್ಸರಿನ ಪಿನ್ನಿಗೆ ಬ್ಯಾಟರಿಯ 12 ವೋಲ್ಟನ್ನು ನೇರವಾಗಿ ಎಂದಿಗೂ ಕೊಡಬೇಡಿ; ಕಂಪ್ಯೂಟರ್ ಪೆಟ್ಟಿಗೆಯ ತಂತಿಗಳಿಗೆ ಬಲ್ಬು ಹಿಡಿದು ನೋಡುವುದೂ ಬೇಡ.

ವೈರಿಂಗ್ ಸರಿಯಿದ್ದರೆ ಮಾತ್ರ ವಾಲ್ವಿನ ಸರದಿ. ಮೋಟಾರಿನ ಎರಡು ಪಿನ್ನುಗಳ ನಡುವೆ ಮೀಟರು ಯಾವ ಸಂಪರ್ಕವನ್ನೂ ತೋರದಿದ್ದರೆ ಸುತ್ತು ಕಡಿದಿದೆ. ಹಳೆಯ ನಿರ್ವಾತ ಬಗೆಯ ವಾಲ್ವಾದರೆ ಕೈಪಂಪಿನಿಂದ ಗಾಳಿ ಎಳೆದು ನೋಡಿ: ಕಡ್ಡಿ ಸರಿಯಬೇಕು, ಪಂಪಿನ ಮುಳ್ಳು ಇಳಿಯದೆ ನಿಲ್ಲಬೇಕು. ಮುಳ್ಳು ಇಳಿದರೆ ಒಳಗಿನ ಪೊರೆ ಹರಿದಿದೆ. ಬರೀ ಮಸಿಯಾದರೆ ವಾಲ್ವು ಬಿಚ್ಚಿ, ಕಾರ್ಬನ್ ತೆಗೆಯುವ ದ್ರಾವಣ ಮತ್ತು ಮೆದು ಬ್ರಷ್ಷಿನಿಂದ ಶುಚಿಮಾಡಿ ಹೊಸ ಗ್ಯಾಸ್ಕೆಟ್ ಹಾಕಿದರೆ ಸಾಕಾಗಬಹುದು. ಮೋಟಾರಿನ ಭಾಗವನ್ನು ದ್ರಾವಣದಲ್ಲಿ ಅದ್ದಬಾರದು.

"ತಗಡು ಇಟ್ಟು ಮುಚ್ಚಿಬಿಡಿ, ಪೀಡೆ ಹೋಗುತ್ತದೆ" ಎಂಬ ಸಲಹೆಯೂ ಉಂಟು. ಹೊಗೆ ತಪಾಸಣೆ ಕೇಂದ್ರದಲ್ಲಿ ಡೀಸೆಲ್ ವಾಹನದ ಹೊಗೆಯ ದಟ್ಟಣೆಯನ್ನಷ್ಟೇ ಅಳೆಯುವುದರಿಂದ ಅಂಥ ವಾಹನ ಅಲ್ಲಿ ಪಾಸಾಗಲೂಬಹುದು. ಆದರೆ ಕಣ್ಣಿಗೆ ಕಾಣದ ವಿಷ ಹೋಗುವುದು ನಮ್ಮದೇ ಅಂಗಳಕ್ಕೆ, ಅಡಿಕೆ ಸುಲಿಯುತ್ತ ಕುಳಿತ ಹೆಣ್ಣುಮಕ್ಕಳ ಮೂಗಿಗೆ. ಪರೀಕ್ಷೆಯ ಹೊತ್ತಿನಲ್ಲಿ ಮಾತ್ರ ಶುದ್ಧವಾಗಿ ತೋರುವಂತೆ ಕಾರಿನ ಕಂಪ್ಯೂಟರ್ ಸಜ್ಜುಗೊಳಿಸಿದ್ದ ಫೋಕ್ಸ್‌ವ್ಯಾಗನ್ ಕಂಪನಿಯ ಮೇಲೆ 2015ರಲ್ಲಿ ಲೋಕವೆಲ್ಲ ಕಿಡಿಕಾರಿದ್ದು ಇದೇ ನೈಟ್ರೋಜನ್ ಆಕ್ಸೈಡಿನ ಕಾರಣಕ್ಕೆ.

ಒಂದು ಮೀಟರು, ನಾಲ್ಕೈದು ನೂರು ರೂಪಾಯಿಯ ಮಾತು. ಸುಗ್ಗಿಗೆ ಮುಂಚೆಯೇ ಒಂದು ಬೆಳಗಿನ ಹೊತ್ತು ಇದಕ್ಕೆ ಮೀಸಲಿಡಿ. ತಾವೇ ಮಾಡಲು ಧೈರ್ಯ ಸಾಲದಿದ್ದರೆ ಎಲೆಕ್ಟ್ರಿಷಿಯನ್‌ನ ಪಕ್ಕದಲ್ಲಿ ನಿಂತು, "ತಂತಿ ನೋಡಿದ್ರಾ? ಎಷ್ಟು ವೋಲ್ಟ್ ಬಂತು?" ಎಂದಾದರೂ ಕೇಳಿ. ಕೇಳುವ ಗಿರಾಕಿಗೆ ಬೇಡದ ಸಾಮಾನು ಹಾಕುವುದು ಕಷ್ಟ.