"ಬ್ಯಾಕ್‌ವರ್ಡ್" ಎಂಬ ವಿಶೇಷಣ

ಚನ್ನಗಿರಿ, ಹೊನ್ನಾಳಿ, ಜಗಳೂರು ಸೀಮೆಗಳಿಂದ ಸರ್ಕಾರಕ್ಕೆ ಹೋಗುವ ಬಿನ್ನವತ್ತಳೆಗಳಲ್ಲಿ ತಾಲ್ಲೂಕಿನ ಹೆಸರಿಗೆ ಮೊದಲು "ಹಿಂದುಳಿದ" ಎಂಬ ಮಾತು ಬೀಳುವುದನ್ನು ನಮ್ಮ ವಾಚಕರು ಬಲ್ಲರು. ಇದು ಆಂಗ್ಲರ "ಬ್ಯಾಕ್‌ವರ್ಡ್" ಶಬ್ದದ ಭಾಷಾಂತರವಷ್ಟೆ. ಅದು ಸರಿಯಾದ ಭಾಷಾಂತರವೇ ಎಂಬುದು ಪ್ರಕೃತ ವಿಚಾರ.

ಆಂಗ್ಲಭಾಷೆಯಲ್ಲಿ ಈ ಶಬ್ದದ ಮೂಲಾರ್ಥವು ದಿಕ್ಕು. ಹಿಂದಕ್ಕೆ ಹೊರಳಿದ ನೋಟವೂ ಬ್ಯಾಕ್‌ವರ್ಡ್, ಸಭೆಯಲ್ಲಿ ಹಿಂಜರಿಯುವವನೂ ಬ್ಯಾಕ್‌ವರ್ಡ್, ಪಾಠ ತಡವಾಗಿ ಹತ್ತುವ ಹುಡುಗನೂ ಬ್ಯಾಕ್‌ವರ್ಡ್. ಸರ್ಕಾರದ ಕಾಗದಗಳಿಗೆ ರುಚಿಸಿದ್ದು ಈ ಮೂರನೆಯ ಅರ್ಥ. ಮೈಸೂರು ಸಂಸ್ಥಾನದಲ್ಲಿ 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯು ನೌಕರಿಯಲ್ಲಿ ತಕ್ಕ ಪಾಲಿಲ್ಲದ ಸಮುದಾಯಗಳಿಗೆ ಇದನ್ನು ಅನ್ವಯಿಸಿತು. 1951ರ ಪ್ರಥಮ ತಿದ್ದುಪಡಿಯಿಂದ ಸಂವಿಧಾನದ 15ನೆಯ ವಿಧಿಯಲ್ಲಿಯೂ ಅದು ನೆಲೆಗೊಂಡಿತು. ಜನರಿಗೆ ಹತ್ತಿದ್ದ ಮಾತು ನೆಲಕ್ಕೂ ಹತ್ತಿತು. ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿಯು 2002ರ ವರದಿಯಲ್ಲಿ 35 ಸೂಚಕಗಳನ್ನಿಟ್ಟು ಅಳೆದು, ರಾಜ್ಯದ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವೆಂದಿತು. ಮೇಲೆ ಹೇಳಿದ ಮೂರೂ ಆ ಪಟ್ಟಿಯಲ್ಲಿವೆ.

ವೈಯಾಕರಣರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಆಂಗ್ಲಪದವು ಶುದ್ಧ ವಿಶೇಷಣ. ಅದಕ್ಕೆ ಕಾಲವಿಲ್ಲ, ಬೆಲ್ಲಕ್ಕೆ ಸಿಹಿಯಂತೆ ಅದು ವಸ್ತುವಿನ ಗುಣವೆಂದೇ ತೋರುತ್ತದೆ. ನಮ್ಮ "ಹಿಂದುಳಿದ" ಎಂಬುದಾದರೋ ಭೂತಕೃದಂತ. ಉಳಿದದ್ದು ಒಂದು ಸಂಗತಿ; ಎಂದು ಉಳಿಯಿತು, ಮುಂದೆ ಹೋದವರು ಯಾರು ಎಂದು ಕೇಳಲು ಅಲ್ಲಿ ಎಡೆಯುಂಟು. ಇಷ್ಟರಮಟ್ಟಿಗೆ ಕನ್ನಡವೇ ಮೇಲು. ಆದರೆ ಧಾತುವು ಅಕರ್ಮಕವಾದುದರಿಂದ, ತಾಲ್ಲೂಕು ತಾನಾಗಿಯೇ ಕಾಲೆಳೆದುಕೊಂಡು ನಿಂತಿತೆಂಬ ಅಪವಾದವೂ ಒಳಗೇ ಅಡಗಿದೆ. ನೀರು, ರಸ್ತೆ, ಶಾಲೆಗಳನ್ನು ಕೊಡಬೇಕಾದವರು ಕೊಡಲಿಲ್ಲವೆಂಬುದನ್ನು ಈ ಮಾತು ಹೇಳದು.

ತರತಮಭಾವದಲ್ಲಿ ತೊಡಕು ಹೆಚ್ಚು. ಆಂಗ್ಲರು "ಮೋರ್", "ಮೋಸ್ಟ್" ಎಂದು ಮೆಟ್ಟಿಲು ಕಟ್ಟಿದರು. ನಾವು ಅವಕ್ಕೆ "ಅತಿ", "ಅತ್ಯಂತ" ಎಂದೆವು. ನಮ್ಮ ಕಿವಿಗೆ ಎರಡೂ ಒಂದೇ. ದರ್ಜೆ ನೋಡಿ ಅನುದಾನ ಹಂಚುವಲ್ಲಿ ಇದು ಹುಡುಗಾಟವಲ್ಲ.

ಸೂಳೆಕೆರೆಯ ನೀರೂ ಅಡಕೆಯ ತೋಟಗಳೂ ಉಳ್ಳ ಚನ್ನಗಿರಿಗೂ, ಮುಗಿಲು ನೋಡಿ ಬಿತ್ತುವ ಜಗಳೂರಿಗೂ ಒಂದೇ ಶಬ್ದ ಸಾಕೆ? ಬಿನ್ನವತ್ತಳೆ ಬರೆಯುವವರು ಯಾವುದರಲ್ಲಿ ಹಿಂದೆಂದು ಬಿಡಿಸಿ ಬರೆಯಲಿ: ಆಸ್ಪತ್ರೆಯಲ್ಲೋ, ನೀರಾವರಿಯಲ್ಲೋ, ಹೆಣ್ಣುಮಕ್ಕಳ ಓದಿನಲ್ಲೋ. 2018ರಲ್ಲಿ ಹೊನ್ನಾಳಿಯಿಂದ ಬೇರ್ಪಟ್ಟ ನ್ಯಾಮತಿಯ ಹೆಸರು 2002ರ ತಾಲ್ಲೂಕುಗಳಲ್ಲಿ ಇರುವಂತೆಯೇ ಇಲ್ಲ. ತಾಯಿಯ ಮನೆಯಿಂದ ಅದಕ್ಕೆ ಬಂದ ಬಳುವಳಿಗಳಲ್ಲಿ ಈ ವಿಶೇಷಣವೂ ಒಂದು.