ಕೈಗೆ ಮಸಿ ಹತ್ತಲಿ

ಹುಮನಾಬಾದಿಗೂ ಬಸವಕಲ್ಯಾಣಕ್ಕೂ ನಡುವೆ ಮೋಟಾರ್ ಸೈಕಲಿನಲ್ಲಿ ದಿನವೂ ಓಡಾಡುವ ಶಿಕ್ಷಕರು, ಗುಮಾಸ್ತರು, ವಿದ್ಯಾರ್ಥಿಗಳು ಬಹಳ ಮಂದಿ. ಗಾಡಿಯ ಬೆಲೆಯನ್ನೂ ಅದು ಲೀಟರಿಗೆ ಎಷ್ಟು ಓಡುವುದೆಂಬುದನ್ನೂ ಅವರು ತಡವರಿಸದೆ ಹೇಳಬಲ್ಲರು. ಎಂಜಿನಿನ ಎಣ್ಣೆಯನ್ನು ಬದಲಿಸಿದ್ದು ಯಾವಾಗ ಎಂದು ಕೇಳಿದರೆ ಮಾತ್ರ ಮುಖ ಮುಖ ನೋಡುತ್ತಾರೆ. ಅದು ಗ್ಯಾರೇಜಿನವರ ಕೆಲಸ, ಓದಿದವರ ಕೈಗೆ ಮಸಿ ಹತ್ತಬಾರದು ಎಂಬ ಭಾವನೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಆದರೆ ಈ ದಾರಿ ಹೋಗುವುದು ಕಲ್ಯಾಣಕ್ಕೆ. ಹನ್ನೆರಡನೆಯ ಶತಮಾನದಲ್ಲಿ ಬಟ್ಟೆ ಒಗೆಯುವ ಮಾಚಯ್ಯನೂ ಹಗ್ಗ ಹೊಸೆಯುವ ಚಂದಯ್ಯನೂ ದೋಣಿ ನಡೆಸುವ ಚೌಡಯ್ಯನೂ ವಚನಕಾರರ ಸಾಲಿನಲ್ಲಿ ನಿಂತರು. ಕೈಯ ಕೆಲಸವನ್ನು ಕಾಯಕವೆಂದು ಎತ್ತಿಹಿಡಿದವರ ಊರಿನ ದಾರಿಯಲ್ಲಿ ಮಸಿಗೆ ಹೇಸುವುದು ಸಲ್ಲದು.

ಎಣ್ಣೆಯ ವ್ಯವಹಾರ ಹಿಂದೆ ಬೇರೆ ಬಗೆಯದಾಗಿತ್ತು. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಜಾವಾ, ಯೆಜ್ಡಿ ಗಾಡಿಗಳಿಗೆ ಎಣ್ಣೆಯನ್ನು ಪೆಟ್ರೋಲಿನಲ್ಲಿ ಬೆರೆಸಿ ಹಾಕುತ್ತಿದ್ದರು. ಅದು ಉರಿದು ಹೊಗೆಯಾಗಿ ಹೋಗುತ್ತಿತ್ತು. ಗೇರಿನ ಪೆಟ್ಟಿಗೆಗೆ ಬೇರೆಯೇ ಎಣ್ಣೆ. ಇಂದಿನ ಫೋರ್ ಸ್ಟ್ರೋಕ್ ಎಂಜಿನಿನಲ್ಲಿ ಹಾಗಲ್ಲ. ಸಾಮಾನ್ಯವಾದ 100 ಸಿ.ಸಿ. ಗಾಡಿಯಲ್ಲಿ ಹೆಚ್ಚು ಕಡಿಮೆ ಒಂದು ಲೀಟರ್ ಎಣ್ಣೆಯೇ ಪಿಸ್ಟನ್, ಗೇರು, ಕ್ಲಚ್ಚು ಎಲ್ಲವನ್ನೂ ತೊಯ್ಯಿಸಿ, ಕಾವನ್ನು ಕಳೆದು, ಸವೆದ ಲೋಹದ ಪುಡಿಯನ್ನೂ ಮಸಿಯನ್ನೂ ಹೊತ್ತು ಸುತ್ತುತ್ತಿರುತ್ತದೆ. ಹೊರೆ ಹೊತ್ತು ದಣಿದ ಎಣ್ಣೆಯನ್ನು ಬಿಡುಗಡೆ ಮಾಡದಿದ್ದರೆ ಎಂಜಿನು ತನ್ನನ್ನು ತಾನೇ ತಿಂದುಕೊಳ್ಳುತ್ತದೆ.

ಕೆಲಸ ಕಠಿಣವಾದುದಲ್ಲ. ಎಂಜಿನನ್ನು ಎರಡು ಮೂರು ನಿಮಿಷ ನಡೆಸಿ, ನಿಲ್ಲಿಸಿ, ಗಾಡಿಯನ್ನು ಸಮನೆಲದ ಮೇಲೆ ನೇರವಾಗಿ ನಿಲ್ಲಿಸಬೇಕು. ಬೆಚ್ಚಗಾದ ಎಣ್ಣೆ ಸಲೀಸಾಗಿ ಇಳಿಯುತ್ತದೆ; ತೀರ ಬಿಸಿಯಾದರೆ ಕೈ ಸುಡುತ್ತದೆ. ಕೆಳಗೆ ಅಗಲವಾದ ಪಾತ್ರೆಯಿಟ್ಟು, ಎಂಜಿನಿನ ತಳದ ಬೋಲ್ಟನ್ನು ಸರಿಯಾದ ಅಳತೆಯ ಪಾನಾದಿಂದ ಬಿಚ್ಚಬೇಕು. ಎಣ್ಣೆಯೆಲ್ಲ ಇಳಿದ ಮೇಲೆ ಬೋಲ್ಟನ್ನು ಒರೆಸಿ, ಹೊಸ ವಾಷರ್ ತೊಡಿಸಿ, ಮೊದಲು ಬರಿಯ ಬೆರಳಿನಿಂದ ತಿರುಗಿಸಿ, ಕೊನೆಗೆ ಪಾನಾದಿಂದ ಬಿಗಿಮಾಡಬೇಕು. ಹೊಸ ಎಣ್ಣೆ ಎಷ್ಟು, ಯಾವ ಬಗೆಯದು ಎಂಬುದು ಗಾಡಿಯ ಕೈಪಿಡಿಯಲ್ಲಿರುತ್ತದೆ.

ತಪ್ಪುಗಳು ನುಸುಳುವುದು ಇಷ್ಟರಲ್ಲಿಯೇ. ಹಳೆಯ ವಾಷರನ್ನೇ ಹಾಕಿದರೆ ಎಣ್ಣೆ ಜಿನುಗುವುದುಂಟು. ಶುಚಿಯಾದ ಪಾತ್ರೆಗೆ ಎಣ್ಣೆಯನ್ನಿಳಿಸಿ, ಹೊಸ ವಾಷರ್ ತೊಡಿಸಿ, ಅದೇ ಎಣ್ಣೆಯನ್ನು ಮತ್ತೆ ಸುರಿಯಬಹುದು. ಅಳತೆ ಮೀರಿ ಸುರಿದರೆ ಎಣ್ಣೆ ನೊರೆಯೆದ್ದು ಸೀಲುಗಳನ್ನು ಒತ್ತುತ್ತದೆ, ಹೆಚ್ಚಾದುದನ್ನು ಇಳಿಸಿದರಾಯಿತು. ಅಗ್ಗವೆಂದು ಕಾರಿನ ಎಣ್ಣೆಯನ್ನು ಸುರಿದರೆ ಕ್ಲಚ್ಚು ಜಾರಬಹುದು. ಡಬ್ಬಿಯ ಮೇಲೆ ಜಾಸೊ ಎಂ.ಎ. ಗುರುತಿರುವ ಮೋಟಾರ್ ಸೈಕಲಿನ ಎಣ್ಣೆಯನ್ನೇ ಆರಿಸಬೇಕು. ಇವೆಲ್ಲ ತಿದ್ದಿಕೊಳ್ಳಬಹುದಾದ ತಪ್ಪುಗಳು. ತಿದ್ದಲು ಕಷ್ಟವಾದುದು ಬಲದ ತಪ್ಪು. ಎಂಜಿನಿನ ಮೈ ಅಲ್ಯೂಮಿನಿಯಂ, ಬೋಲ್ಟು ಉಕ್ಕು. ಓರೆಯಾಗಿ ಕೂತ ಬೋಲ್ಟನ್ನು ಒತ್ತಾಯದಿಂದ ತಿರುಗಿಸಿದರೆ, ಇಲ್ಲವೆ ‘ಇನ್ನೊಂದಿಷ್ಟು ಬಿಗಿಯಾಗಲಿ’ ಎಂದು ಪಾನಾದ ಮೇಲೆ ಮೈಭಾರ ಬಿಟ್ಟರೆ, ಒಳಗಿನ ಸುತ್ತುಗೆರೆಗಳು ಕಿತ್ತುಬರುತ್ತವೆ. ನಮ್ಮ ಕಡೆಯ ಗ್ಯಾರೇಜಿನಲ್ಲಿ ಇದಕ್ಕೆ ‘ಚೂಡಿ ಹೋಯ್ತು’ ಎನ್ನುತ್ತಾರೆ. ಆಗ ಕೈ ನಿಲ್ಲಿಸಬೇಕು. ಹೊಸ ಚೂಡಿ ಕೊಯ್ದು ಕೂಡಿಸುವುದು ಬಲ್ಲವರ ಕೆಲಸ.

ಲಾರಿಗಳ ವ್ಯವಹಾರಕ್ಕೆ ಹೆಸರಾದ ಬಸವಕಲ್ಯಾಣದಲ್ಲಿ ಅಂಥ ಬಲ್ಲವರಿಗೆ ಕೊರತೆಯಿಲ್ಲ. ಆದರೆ ಗ್ಯಾರೇಜಿನಲ್ಲಿ ಕೆಲಸ ಕಲಿಯುವ ಹುಡುಗನೊಬ್ಬನನ್ನು ನೆನೆಯಿರಿ. ಚೂಡಿ ಹೋದುದು ಅವನಿಗೆ ತಿಳಿಯುತ್ತದೆ. ಉಸ್ತಾದರ ಬೈಗುಳಕ್ಕೂ ಗಿರಾಕಿಯ ಸಿಟ್ಟಿಗೂ ಅಂಜಿ, ಬೋಲ್ಟಿಗೆ ಅಂಟು ಮೆತ್ತಿ ಗಾಡಿಯನ್ನು ಕಳಿಸಿಬಿಡುತ್ತಾನೆ. ಹೆದ್ದಾರಿಯಲ್ಲಿ ಆ ಬೋಲ್ಟು ಕಳಚಿದರೆ, ಎಣ್ಣೆ ಹಿಂದಿನ ಗಾಲಿಗೆ ಸಿಡಿದು ಗಾಡಿ ಜಾರಿದರೆ, ಬೆಲೆ ತೆರುವುದು ಒಂದು ಸಂಸಾರ. ಈ ಅನಾಹುತದ ಮೂಲ ತಪ್ಪಿನಲ್ಲಿಲ್ಲ, ತಪ್ಪನ್ನು ಹೇಳಲಾರದ ಅಂಜಿಕೆಯಲ್ಲಿದೆ. ಒಮ್ಮೆ ತನ್ನ ಕೈಯಿಂದಲೇ ಬೋಲ್ಟು ಬಿಗಿದು ನೋಡಿದ ಗಿರಾಕಿ ಆ ಹುಡುಗನ ಮೇಲೆ ಅಷ್ಟು ಸುಲಭವಾಗಿ ಕೂಗಾಡಲಾರ. ‘ಏನಾಯ್ತು ಹೇಳಪ್ಪಾ, ಸರಿಮಾಡೋಣ’ ಎನ್ನುವಷ್ಟು ತಾಳ್ಮೆ ಅವನಿಗೆ ಬಂದಿರುತ್ತದೆ. ಸ್ವಂತ ಕೈಯ ಕೆಲಸದ ದೊಡ್ಡ ಲಾಭ ಉಳಿತಾಯದ ಹಣವಲ್ಲ, ಈ ತಿಳಿವಳಿಕೆ.

ಇಳಿಸಿದ ಕರಿಯ ಎಣ್ಣೆಯನ್ನು ಚರಂಡಿಗೋ ಹೊಲದ ಬದುವಿಗೋ ಚೆಲ್ಲುವುದು ಮಾತ್ರ ಸಣ್ಣ ತಪ್ಪಲ್ಲ. ಅದು ಮಣ್ಣನ್ನೂ ಬಾವಿಯ ನೀರನ್ನೂ ಕೆಡಿಸುತ್ತದೆ. 2016ರ ನಿಯಮಗಳು ಬಳಸಿದ ಎಣ್ಣೆಯನ್ನು ಅಪಾಯಕಾರಿ ತ್ಯಾಜ್ಯವೆಂದೇ ಎಣಿಸಿವೆ. ಡಬ್ಬಿಯಲ್ಲಿ ತುಂಬಿ, ಹಳೆಯ ಎಣ್ಣೆಯನ್ನು ಸಂಗ್ರಹಿಸಿ ಶುದ್ಧೀಕರಣಕ್ಕೆ ಕಳಿಸುವವರಿಗೆ ಒಪ್ಪಿಸಬೇಕು.

ಬರೆಯುವ ಶಾಯಿಗೂ ಯಂತ್ರದ ಕರಿಗೂ ಕನ್ನಡದಲ್ಲಿ ಮಸಿಯೆಂಬ ಒಂದೇ ಹೆಸರು. ಮೊದಲನೆಯದು ಹತ್ತಿದ ಬೆರಳನ್ನು ನಾವು ವಿದ್ಯೆಯ ಗುರುತೆಂದು ಗೌರವಿಸುತ್ತೇವೆ, ಎರಡನೆಯದನ್ನು ಕಂಡು ಮುಖ ಸಿಂಡರಿಸುತ್ತೇವೆ. ಭಾಷೆ ಮಾಡದ ಈ ಭೇದವನ್ನು ನಾವು ಮಾಡುವುದೇಕೆ? ಹೊಡೆದುಹಾಕಿ ತಿದ್ದಿ ಬರೆದವನಿಗೆ ಬರವಣಿಗೆ ಒಲಿಯುವಂತೆ, ಬಿಚ್ಚಿ ತಿದ್ದಿ ಬಿಗಿದವನಿಗೆ ಯಂತ್ರವೂ ಒಲಿಯುತ್ತದೆ.