ಶಾಲೆಯ ಹೊತ್ತಿನಲ್ಲಿ ಮಕ್ಕಳ ಔಷಧಿ

ದಾವಣಗೆರೆ, ಹರಿಹರಗಳ ಶಾಲೆಗಳಲ್ಲಿ ಉಪಾಧ್ಯಾಯರ ಕೈಯಿಂದ ಮಕ್ಕಳಿಗೆ ಮಾತ್ರೆ ದೊರೆಯುವುದು ನೂತನ ಸಂಗತಿಯೇನಲ್ಲ; 2015ರಲ್ಲಿ ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು 400 ಮಿಲಿಗ್ರಾಂ ಅಲ್ಬೆಂಡಜೋಲ್ ಮಾತ್ರೆಯನ್ನು ಗುರುಗಳ ಸಮಕ್ಷಮದಲ್ಲಿಯೇ ಅಗಿದು ನುಂಗಬೇಕೆಂದೂ, ಅಸ್ವಸ್ಥ ಮಗುವಿಗೆ ಆ ದಿನ ಕೊಡದೆ ಗುಣವಾದ ಮೇಲೆ ಕೊಡಬೇಕೆಂದೂ ವಿಧಿಸಿರುವುದು ಅತ್ಯಂತ ವಿವೇಕದ ಕ್ರಮ. ಸಾಮೂಹಿಕ ಮಾತ್ರೆಗೆ ಸಲ್ಲುವ ಈ ಎಚ್ಚರ, ಮಧುಮೇಹ, ಉಬ್ಬಸ, ಅಪಸ್ಮಾರಗಳಿಂದ ಬಳಲುವ ಒಂಟಿ ಮಗುವಿನ ನಿತ್ಯೌಷಧಿಗೂ ಸಲ್ಲತಕ್ಕದ್ದು.

ಇವುಗಳಲ್ಲಿ ಇನ್ಸುಲಿನ್ನಿನ ವಿಚಾರ ಸೂಕ್ಷ್ಮತಮವಾದುದು. ಊಟಕ್ಕೆ ಮುನ್ನ ಸೂಜಿ ಚುಚ್ಚಿಕೊಂಡ ಬಾಲಕನಿಗೆ ಬಿಸಿಯೂಟ ತಡವಾದರೆ ರಕ್ತದ ಸಕ್ಕರೆ ಕುಸಿದು, ಬೆವರು, ನಡುಕ, ಮಂಕು ಕವಿಯುತ್ತವೆ. ಪ್ರಜ್ಞೆಯಿದ್ದರೆ ತಕ್ಷಣ ಸಕ್ಕರೆ ತಿನ್ನಿಸಬೇಕು, ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಬಯಲುಸೀಮೆಯ ಬೇಸಿಗೆಯಲ್ಲಿ ಆ ಔಷಧಿಯನ್ನು ಬಿಸಿಲಿಗೆ ಒಡ್ಡಲೂ ಆಗದು.

ಉಬ್ಬಸದ ಇನ್‌ಹೇಲರನ್ನಾದರೋ ಮುಖ್ಯೋಪಾಧ್ಯಾಯರ ಕಪಾಟಿನಲ್ಲಿ ಬೀಗ ಹಾಕಿಡುವುದು ತಪ್ಪೆಂದೇ ನನ್ನ ಅಭಿಪ್ರಾಯ. ಉಸಿರು ಕಟ್ಟಿದ ಕೂಸಿಗೆ ಬೀಗದಕೈ ಹುಡುಕುವಷ್ಟು ಅವಕಾಶವಿರುವುದಿಲ್ಲ.

ತಾಯಿತಂದೆಗಳೇ, ಬಿಡಿ ಮಾತ್ರೆಯನ್ನು ಕಾಗದದಲ್ಲಿ ಸುತ್ತಿ ಬುತ್ತಿಯ ಚೀಲಕ್ಕೆ ಸೇರಿಸದೆ, ಹೆಸರು, ಪ್ರಮಾಣ, ವೇಳೆಗಳನ್ನು ಬರೆದ ವೈದ್ಯರ ಚೀಟಿಯೊಡನೆ ಮೂಲ ಪೊಟ್ಟಣವನ್ನೇ ಉಪಾಧ್ಯಾಯರ ಕೈಗೊಪ್ಪಿಸಿರಿ.